ಹತ್ತು ರೂಪಾಯಿಯೂ ಬಾಳದ ನಿಧಿ

ಹೊಲ ಉಳುವಾಗ ಚಿನ್ನದ ಕಾಸು ಸಿಕ್ಕಿದರೆ ಏನಾಗುತ್ತೆ? ತಹಶೀಲ್ದಾರ್ ಬರ್ತಾರೆ, ಪೊಲೀಸರು ಬರ್ತಾರೆ, ಹಿಂದೆಯೇ ನಮ್ಮ ಕ್ಯಾಮೆರಾಗಳೂ ಬರ್ತವೆ. ಸಂಜೆಯೊಳಗೆ ಅದು ಬ್ರೇಕಿಂಗ್ ನ್ಯೂಸ್. ಅದೇ ಹೊಲದಲ್ಲಿ ಮಡಕೆ ಚೂರು ಸಿಕ್ಕಿದರೆ? ಬದುವಿನ ಆಚೆಗೆ ಎಸೀತಾರೆ. ಎತ್ತಿನ ಕಾಲಿಗೆ ಚುಚ್ಚಬಾರದು ನೋಡಿ, ಅದಕ್ಕೆ.

1878ರಲ್ಲಿ ಬ್ರಿಟಿಷರು ಒಂದು ನಿಧಿ ಕಾಯ್ದೆ ಮಾಡಿದರು. ನೆಲದೊಳಗೆ ಅಡಗಿದ್ದ ವಸ್ತು ಯಾರಿಗಾದರೂ ಸಿಕ್ಕಿ, ಅದರ ಬೆಲೆ 10 ರೂಪಾಯಿ ದಾಟಿದರೆ, ಸಿಕ್ಕವನು ಕಲೆಕ್ಟರಿಗೆ ಬರೆದು ತಿಳಿಸಬೇಕು ಅಂತ ಅದರಲ್ಲಿ ನಿಯಮ. ಒಂದು ಬೋಕಿ ಚೂರಿಗೆ 10 ರೂಪಾಯಿ ಕೊಡೋರು ಯಾರು ಸ್ವಾಮಿ? ಆ ಲೆಕ್ಕದಲ್ಲಿ ಮಡಕೆ ಚೂರಿನ ಬಗ್ಗೆ ಯಾರಿಗೂ ಹೇಳಬೇಕಾಗಿಯೇ ಇರಲಿಲ್ಲ.

ನನ್ನ ಲೆಕ್ಕ ಬೇರೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಶಾಸನಗಳಿವೆ, ದೇವಸ್ಥಾನಗಳಿವೆ, ಗಂಗರು, ಚೋಳರು, ಹೊಯ್ಸಳರ ಕಥೆಗಳಿವೆ. ಆದರೆ ಆ ರಾಜರಿಗಿಂತ ಸಾವಿರಾರು ವರ್ಷ ಮೊದಲು ಈ ಕಾವೇರಿ ದಡದಲ್ಲಿ ದನ ಕಾಯ್ದವರು, ಹುರುಳಿ ಬೇಯಿಸಿದವರು, ಸತ್ತ ಕೂಸನ್ನು ಮಣ್ಣು ಮಾಡಿದವರು ಒಂದಕ್ಷರವನ್ನೂ ಬರೆದಿಟ್ಟು ಹೋಗಲಿಲ್ಲ. ಅವರು ಬಿಟ್ಟು ಹೋಗಿದ್ದು ಮುಖ್ಯವಾಗಿ ಮಡಕೆ ಚೂರು. ಆ ಚೂರು ಮಾತಾಡುತ್ತೆ. ಒಂದೇ ಷರತ್ತು: ಅದು ಬಿದ್ದ ಜಾಗದಲ್ಲೇ ಇರಬೇಕು.

ನಾನು ಇಂಜಿನಿಯರಿಂಗ್ ಓದಿದವನು. ಹಾಗಾಗಿ ಮಡಕೆ ಚೂರು ಯಾಕೆ ಉಳಿಯುತ್ತೆ ಅನ್ನೋದರಿಂದಲೇ ಶುರು ಮಾಡ್ತೀನಿ. ಹಸಿ ಮಣ್ಣಿನ ಬೊಂಬೆಯನ್ನು ನೀರಿಗೆ ಹಾಕಿ, ಕರಗಿ ಹೋಗುತ್ತೆ. ಗೌರಿ ಗಣೇಶ ಹಬ್ಬದಲ್ಲಿ ನಾವೆಲ್ಲ ನೋಡಿದ್ದೀವಿ. ಅದೇ ಮಣ್ಣನ್ನು 500-600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಸುಡಿ. ಜೇಡಿಮಣ್ಣಿನ ಕಣಗಳ ಒಳಗೇ ರಾಸಾಯನಿಕವಾಗಿ ಸೇರಿಕೊಂಡಿದ್ದ ನೀರು ಹೊರಟು ಹೋಗುತ್ತೆ. ಆಮೇಲೆ ಅದು ಮತ್ತೆ ಮಣ್ಣಾಗಿ ಕಲಸಲು ಬರೋದಿಲ್ಲ. ಮರವನ್ನು ಗೆದ್ದಲು ತಿನ್ನುತ್ತೆ, ಬಟ್ಟೆ ಕೊಳೆಯುತ್ತೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ. ಚಿನ್ನ ಕೆಡೋದಿಲ್ಲ ನಿಜ, ಆದರೆ ಅದನ್ನು ಮನುಷ್ಯರು ಕರಗಿಸಿ ಹೊಸ ಒಡವೆ ಮಾಡಿಸ್ಕೋತಾರೆ. ಒಡೆದ ಮಡಕೆಯನ್ನು ಕರಗಿಸೋಕಾಗಲ್ಲ, ಮಾರೋಕಾಗಲ್ಲ, ಕದಿಯೋರೂ ಇಲ್ಲ. "ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ" ಅಂತೀವಲ್ಲ, ಆ ಒಂದು ನಿಮಿಷ ಕಳೆದ ಮೇಲೆ ಚೂರಿಗೆ ಸಾವಿರಾರು ವರ್ಷದ ಆಯಸ್ಸು.

ಈಗ ಆ ಚೂರನ್ನು ಓದೋಣ. ದಕ್ಷಿಣ ಭಾರತದ ಹಳೆಯ ಶಿಲಾಸಮಾಧಿಗಳಲ್ಲಿ, ಅಂದರೆ ಜನ 'ಪಾಂಡವರ ಗುಡಿ' ಅಂತ ಕರೆಯುವ ಕಲ್ಲಿನ ಗೋರಿಗಳಲ್ಲಿ, ಒಂದು ಜಾತಿಯ ಮಡಕೆ ಮತ್ತೆ ಮತ್ತೆ ಸಿಗುತ್ತೆ. ಒಳಗೆ ಮತ್ತು ಬಾಯಂಚು ಕಪ್ಪು, ಹೊರಗೆ ಕೆಂಪು. ಬಣ್ಣ ಬಳಿದದ್ದಲ್ಲ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತೆ. ಸುಡುವಾಗ ಗಾಳಿ ಚೆನ್ನಾಗಿ ಆಡಿದರೆ ಆ ಕಬ್ಬಿಣ ಆಮ್ಲಜನಕ ಹೀರಿ ಕೆಂಪಾಗುತ್ತೆ. ಗಾಳಿ ಕಟ್ಟಿ, ಹೊಗೆ ತುಂಬಿದರೆ ಇಂಗಾಲ ಕೂತು ಕಪ್ಪಾಗುತ್ತೆ. ಮಡಕೆಯನ್ನು ಮಗುಚಿ ಹಾಕಿ, ಅದರ ಬಾಯಿಯನ್ನು ಹುಲ್ಲು ಸಗಣಿಯಂಥ ಸೌದೆಯಲ್ಲಿ ಹೂತು ಸುಟ್ಟರೆ ಒಂದೇ ಆವಿಗೆಯಲ್ಲಿ ಎರಡೂ ಬಣ್ಣ ಬರುತ್ತೆ ಅಂತ ತಜ್ಞರು ವಿವರಿಸ್ತಾರೆ. ಸುಮಾರು 3,000 ವರ್ಷದ ಹಿಂದೆ, ಥರ್ಮಾಮೀಟರ್ ಇಲ್ಲದ ಕಾಲದಲ್ಲಿ, ಬೆಂಕಿಯ ಬಣ್ಣ ನೋಡಿಯೇ ಇದನ್ನು ಸಾಧಿಸಿದವರಿದ್ದರು. ಅವರಿಗೆ ಪದವಿ ಇರಲಿಲ್ಲ. ಆದರೆ ಅದು ಶುದ್ಧ ಇಂಜಿನಿಯರಿಂಗ್.

ಬೆರಳಷ್ಟು ಉದ್ದದ ಬಾಯಂಚಿನ ಚೂರು ಸಿಕ್ಕರೂ ಸಾಕು. ಅದರ ಬಾಗು ಎಷ್ಟಿದೆ ಅಂತ ಅಳೆದರೆ ಇಡೀ ಮಡಕೆಯ ಬಾಯಿ ಎಷ್ಟು ಅಗಲ ಇತ್ತು ಅನ್ನೋದು ಗೊತ್ತಾಗುತ್ತೆ. ಹೈಸ್ಕೂಲಿನಲ್ಲಿ ವೃತ್ತದ ಜ್ಯಾ ಅಂತ ಓದಿದ್ದೀವಲ್ಲ, ಅದೇ ಲೆಕ್ಕ. ಪುರಾತತ್ವದವರು ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಚೂರನ್ನಿಟ್ಟು ಹೊಂದಿಸಿ ನೋಡ್ತಾರೆ. ಅಗಲ ಗೊತ್ತಾದರೆ ಅದು ಒಬ್ಬರು ಉಣ್ಣುವ ಬಟ್ಟಲೋ, ಮನೆಮಂದಿಗೆಲ್ಲ ಬೇಯಿಸುವ ಗಡಿಗೆಯೋ, ಕಾಳು ತುಂಬಿಡುವ ವಾಡೆಯೋ ಅನ್ನೋದು ತಿಳಿಯುತ್ತೆ. ಹೊರಗಡೆ ಮಸಿ ಹಿಡಿದಿದ್ದರೆ ಒಲೆ ಮೇಲೆ ಕೂತದ್ದು. ಒಳಮೈಯಲ್ಲಿ ಒಂದೇ ಸಮನಾದ ಉಂಗುರದ ಗೆರೆಗಳಿದ್ದರೆ ತಿಗುರಿಯ ಮೇಲೆ ತಿರುಗಿದ್ದು. ಗೆರೆ ಇಲ್ಲದೆ ಬೆರಳ ಒತ್ತು ಕಂಡರೆ ಕೈಯಲ್ಲೇ ತಟ್ಟಿದ್ದು. ಜೊತೆಗೆ ಸುಟ್ಟ ಮಣ್ಣಿನ ಸಣ್ಣ ರಂಧ್ರಗಳು ಬೇಯುತ್ತಿದ್ದ ಎಣ್ಣೆ, ಕೊಬ್ಬನ್ನು ಹೀರಿಕೊಂಡಿರುತ್ತವೆ. ಪ್ರಯೋಗಾಲಯದಲ್ಲಿ ಅದನ್ನು ಹೊರತೆಗೆದು, ಆ ಮಡಕೆಯಲ್ಲಿ ಬೆಂದದ್ದು ಮಾಂಸವೋ, ಕಾಸಿದ್ದು ಹಾಲೋ ಅನ್ನೋದರ ಸುಳಿವು ಹಿಡಿಯೋ ವಿದ್ಯೆ ಈಗ ಬಂದಿದೆ.

ಇದೆಲ್ಲ ಎಲ್ಲೋ ದೂರದ ಮಾತಲ್ಲ. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದರೆ ಟಿ. ನರಸೀಪುರ ಎಷ್ಟು ದೂರ? ಕಾವೇರಿ, ಕಪಿಲೆ ಕೂಡುವ ಆ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ. ಕುಂಭ ಅಂದ್ರೇನು? ಮಡಕೆ. ಆ ಸಂಗಮದ ದಡದಲ್ಲೇ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ 1959ರಿಂದ 1965ರ ನಡುವೆ ಮೂರು ಸುತ್ತು ಉತ್ಖನನ ನಡೆಯಿತು. 1971ರಲ್ಲಿ ವರದಿ ಅಚ್ಚಾಯಿತು. ಸಿಕ್ಕಿದ್ದು 3,500 ವರ್ಷಕ್ಕೂ ಹಿಂದಿನ ನವಶಿಲಾಯುಗದ ನೆಲೆ. ಉಜ್ಜಿ ನುಣುಪು ಮಾಡಿದ ಬೂದುಬಣ್ಣದ ಮಡಕೆಗಳು, ಕೊಂಡಿ ಬಾಯಿಯ ಪಾತ್ರೆಗಳು, ಕಲ್ಲಿನ ಕೊಡಲಿಗಳು, ಮಡಕೆಗಳ ಜೊತೆ ಹೂಳಿದ ಮನುಷ್ಯರ ಅಸ್ಥಿಪಂಜರ. ಅಲ್ಲಿಯೂ, ಹತ್ತಿರದ ಹೆಮ್ಮಿಗೆಯಲ್ಲಿಯೂ ಒಂದು ವಿಚಿತ್ರ ವಸ್ತು ಸಿಕ್ಕಿತು: ಸುಟ್ಟ ಮಣ್ಣಿನ ತಲೆದಿಂಬು. ಕತ್ತಿನ ಕೆಳಗೆ ಇಟ್ಟುಕೊಳ್ಳುವಂಥದ್ದು.

ಒಂದು ಕ್ಷಣ ಯೋಚನೆ ಮಾಡಿ. ಯಾವ ತಾಮ್ರಶಾಸನ ನಿಮಗೆ ಜನ ಹೇಗೆ ಮಲಗ್ತಿದ್ದರು ಅಂತ ಹೇಳುತ್ತೆ? ತಾಮ್ರಶಾಸನ ಹೇಳೋದು ಯಾವ ರಾಜ ಯಾರಿಗೆ ಎಷ್ಟು ಭೂಮಿ ಕೊಟ್ಟ ಅನ್ನೋದನ್ನ. ದಿಂಬಿನ ಸುದ್ದಿ ಹೇಳೋಕೆ ಬೋಕಿಯೇ ಬೇಕು.

ಊಟದ ಸುದ್ದಿಯೂ ಅಷ್ಟೇ. ಕರ್ನಾಟಕದ ನವಶಿಲಾಯುಗದ ನೆಲೆಗಳ ಬೂದಿ ಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟು ಕರಿಕಾದ ಕಾಳುಗಳನ್ನು ಹೆಕ್ಕಿದ ವಿಜ್ಞಾನಿಗಳಲ್ಲಿ ಡೋರಿಯನ್ ಫುಲ್ಲರ್ ಪ್ರಮುಖರು. ಅವರಿಗೆ ಕಂಡ ಮುಖ್ಯ ಬೆಳೆಗಳು ಯಾವುವು ಗೊತ್ತಾ? ಹುರುಳಿ, ಹೆಸರು, ಕೊರಲೆಯಂಥ ಸಿರಿಧಾನ್ಯ. ಹೊರಗಿನಿಂದ ಹೊಸ ಧಾನ್ಯ, ಹೊಸ ಅಡುಗೆ ಬಂದಾಗ ಮಡಕೆಗಳ ಆಕಾರವೂ ಬದಲಾಯಿತು ಅನ್ನೋದು ಅವರ ವಾದ. ಇಡ್ಲಿ ಪಾತ್ರೆ ನೋಡಿದರೆ ಆ ಮನೆಯಲ್ಲಿ ಇಡ್ಲಿ ಮಾಡ್ತಾರೆ ಅಂತ ಹೇಳಬಹುದಲ್ವಾ, ಹಾಗೆ. ಹನೂರಿನ ಮಳೆಯಾಶ್ರಯದ ಹೊಲದಲ್ಲಿ ಇವತ್ತು ಹುರುಳಿ ಬಿತ್ತುವ ರೈತ ಬಿತ್ತುತ್ತಿರೋದು ಕರ್ನಾಟಕದ ಅತಿ ಹಳೆಯ ಬೆಳೆಗಳಲ್ಲೊಂದನ್ನ.

ಸರಿ, ಇದು 3,500 ವರ್ಷದ್ದು, ಅದು 2,000 ವರ್ಷದ್ದು ಅಂತ ಹೇಳ್ತಾರಲ್ಲ, ಹೇಗೆ? ಮಡಕೆ ಮೇಲೆ ತಯಾರಿಸಿದ ದಿನಾಂಕ ಇರುತ್ತಾ? ಇಲ್ಲಿಗೇ ಬರಬೇಕಿತ್ತು ನಾನು. ಉತ್ತರ ಚೂರಿನಲ್ಲಿ ಅರ್ಧ ಇದೆ, ಚೂರು ಬಿದ್ದ ಪದರದಲ್ಲಿ ಇನ್ನರ್ಧ ಇದೆ.

1890ರಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಇಂಗ್ಲಿಷ್ ಪುರಾತತ್ವಜ್ಞ ಪ್ಯಾಲೆಸ್ಟೈನಿನ ಟೆಲ್ ಎಲ್-ಹೆಸಿ ದಿಬ್ಬದಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು. ಜನ ಒಂದೇ ಜಾಗದಲ್ಲಿ ತಲೆಮಾರುಗಟ್ಟಲೆ ಬದುಕಿದರೆ ಕಸದ ಮೇಲೆ ಕಸ, ಗೋಡೆಯ ಮೇಲೆ ಗೋಡೆ ಸೇರಿ ದಿಬ್ಬ ಏಳುತ್ತೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಪದರ ಬದಲಾದಂತೆ ಮಡಕೆಯ ಶೈಲಿ ಬದಲಾಗುತ್ತೆ. ಹಾಗಾಗಿ ಯಾವ ಪದರದಲ್ಲಿ ಯಾವ ಮಡಕೆ ಅಂತ ಒಮ್ಮೆ ಪಟ್ಟಿ ಮಾಡಿಕೊಂಡರೆ ಅದೇ ಕ್ಯಾಲೆಂಡರ್.

ಈ ಕ್ಯಾಲೆಂಡರ್ ಕರ್ನಾಟಕಕ್ಕೆ ಬಂದ ಬಗೆ ಒಂದು ಪತ್ತೇದಾರಿ ಕಥೆ. 1945ರಲ್ಲಿ ಮಾರ್ಟಿಮರ್ ವೀಲರ್ ಪುದುಚೇರಿ ಪಕ್ಕದ ಅರಿಕಮೇಡುವಿನಲ್ಲಿ ಅಗೆದರು. ಅಲ್ಲಿ ಇಟಲಿಯಿಂದ ಹಡಗಿನಲ್ಲಿ ಬಂದ ಕೆಂಪು ಹೊಳಪಿನ ತಟ್ಟೆಗಳ ಚೂರು ಸಿಕ್ಕವು. ಆ ತಟ್ಟೆಗಳ ಕಾಲ ಯುರೋಪಿನಲ್ಲಿ ಗೊತ್ತಿತ್ತು: ಸುಮಾರು ಕ್ರಿಸ್ತಶಕ ಒಂದನೇ ಶತಮಾನ. ಅವುಗಳ ಜೊತೆಗೇ, ಒಳಗೆ ಸಣ್ಣ ಸಣ್ಣ ಚುಕ್ಕಿಯ ವೃತ್ತಗಳಿದ್ದ ಇನ್ನೊಂದು ಬಗೆಯ ತಟ್ಟೆಯ ಚೂರುಗಳಿದ್ದವು. 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದಾಗ ಅದೇ ಚುಕ್ಕಿಯ ತಟ್ಟೆ ಮೇಲಿನ ಪದರದಲ್ಲಿ ಸಿಕ್ಕಿತು! ಅಲ್ಲಿಗೆ ಒಂದು ಮೊಳೆ ಹೊಡೆದಂತಾಯಿತು. ಈ ಪದರ ಸುಮಾರು ಒಂದನೇ ಶತಮಾನದ್ದಾದರೆ, ಅದರ ಕೆಳಗಿನ ಶಿಲಾಸಮಾಧಿ ಕಾಲದ ಪದರ ಅದಕ್ಕಿಂತ ಹಳೆಯದು, ಅದರ ಕೆಳಗಿನ ಕಲ್ಲುಕೊಡಲಿಯ ಪದರ ಇನ್ನೂ ಹಳೆಯದು. ವೀಲರ್ ಆಗ ಹಾಕಿದ ಲೆಕ್ಕವನ್ನು ಮುಂದೆ ರೇಡಿಯೋ ಕಾರ್ಬನ್ ಪರೀಕ್ಷೆ ಇನ್ನಷ್ಟು ಹಿಂದಕ್ಕೆ ತಳ್ಳಿತು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಸಾಲು ಹೇಳಿಕೊಟ್ಟಿದ್ದು ಬೋಕಿ.

ಬ್ರಹ್ಮಗಿರಿ ಅಂದರೆ ನಮಗೆ ಅಶೋಕನ ಶಾಸನ. ಬಂಡೆಯ ಮೇಲೆ ಚಕ್ರವರ್ತಿಯ ಮಾತಿದೆ, ಪಠ್ಯಪುಸ್ತಕದಲ್ಲಿ ಬಂದಿದೆ. ಆದರೆ ಅದೇ ನೆಲದ ಕೆಳಪದರದಲ್ಲಿ, ಅಶೋಕನಿಗಿಂತ ಬಹಳ ಹಿಂದಿನ ಜನ ತಮ್ಮ ಸತ್ತ ಕೂಸುಗಳನ್ನು ಮಡಕೆಯೊಳಗಿಟ್ಟು ಹೂಳಿದ್ದು ಸಿಕ್ಕಿತು. ಆ ತಾಯಿಯ ಹೆಸರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಕೂಸನ್ನು ಹಾಗೇ ಮಣ್ಣಿಗೆ ಹಾಕೋಕೆ ಅವಳಿಗೆ ಮನಸ್ಸು ಬರಲಿಲ್ಲವೇನೋ ಅಂತ ನನಗೆ ಅನ್ನಿಸುತ್ತೆ. ಈಗ ಹೇಳಿ, ಯಾರೋ ನಿಧಿ ಆಸೆಗೆ ರಾತ್ರೋರಾತ್ರಿ ಗುದ್ದಲಿ ಹಾಕಿ ಆ ಮಡಕೆಯನ್ನು ಒಡೆದು, ಚಿನ್ನ ಇಲ್ಲ ಅಂತ ಎಸೆದು ಹೋಗಿದ್ದರೆ? ಚೂರು ಉಳಿದಿರುತ್ತಿತ್ತು. ಅವಳ ದುಃಖ ನಮಗೆ ತಲುಪುತ್ತಿರಲಿಲ್ಲ.

ಈಗ ಕೊಳ್ಳೇಗಾಲದ ಪೂರ್ವಕ್ಕೆ ತಿರುಗೋಣ. ಬೆಟ್ಟಗಳ ಆ ಕಡೆ ಕೊಂಗುನಾಡು. ಇವತ್ತಿನ ಈರೋಡು ಜಿಲ್ಲೆಯ ನೊಯ್ಯಲ್ ನದಿ ದಡದಲ್ಲಿ ಕೊಡುಮಣಲ್ ಅಂತ ಒಂದು ಊರು. ಅಲ್ಲಿ 1980ರ ದಶಕದಿಂದ ಹಲವು ಸುತ್ತು ಉತ್ಖನನ ಆಗಿದೆ. ಪುರಾತತ್ವಜ್ಞ ಕೆ. ರಾಜನ್ ಅದರಲ್ಲಿ ದೊಡ್ಡ ಹೆಸರು. ಕಬ್ಬಿಣ ಉಕ್ಕು ಮಾಡಿದ ಕುಲುಮೆ, ಬೆರಿಲ್, ಸ್ಫಟಿಕದಂಥ ಕಲ್ಲಿನಲ್ಲಿ ಮಣಿ ಕೊರೆದ ಕಾರ್ಖಾನೆ, ಶಿಲಾಸಮಾಧಿಗಳು, ಎಲ್ಲ ಸಿಕ್ಕಿವೆ. ಎಲ್ಲಕ್ಕಿಂತ ದೊಡ್ಡದು, ಬ್ರಾಹ್ಮಿ ಲಿಪಿಯಲ್ಲಿ ಗೀರಿದ ನೂರಾರು ಮಡಕೆ ಚೂರು. ಅವುಗಳ ಮೇಲೆ ಇರೋದು ಹೆಚ್ಚಾಗಿ ಜನರ ಹೆಸರು. ತಮಿಳು ಹೆಸರುಗಳ ಜೊತೆ ಪ್ರಾಕೃತದ ಹೆಸರುಗಳೂ ಇವೆ. ಅಂದರೆ ದೂರದ ವ್ಯಾಪಾರಿಗಳು ಬಂದು ಹೋಗ್ತಿದ್ದರು. "ಈ ಮಡಕೆ ನಂದು" ಅಂತ ಗೀರುವಷ್ಟು ಅಕ್ಷರ ಮಣಿ ಮಾಡುವವರ ಊರಿನಲ್ಲಿತ್ತು.

ಇದು ತಮಿಳುನಾಡಿನ ಕಥೆ, ನಮಗೇನು ಅಂತೀರಾ? 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ಯಾವ ಜಿಲ್ಲೆಯಲ್ಲಿತ್ತು? ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ. ಕೊಡುಮಣಲ್ ಕೂಡ ಆಗ ಅದೇ ಜಿಲ್ಲೆ. ಇನ್ನೊಂದು ಎಳೆ ನೋಡಿ. ಕ್ರಿಸ್ತಶಕ ಎರಡನೇ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ 'ಪೌನ್ನಾಟ' ಅಂತ ಒಂದು ಊರಿನ ಹೆಸರು ಬರೆದು, ಅಲ್ಲಿ ಬೆರಿಲ್ ಸಿಗುತ್ತೆ ಅಂತಾನೆ. ಅದು ಕಪಿಲೆ, ಕಾವೇರಿ ಸೀಮೆಯ ನಮ್ಮ ಪುನ್ನಾಡು ಅಂತ ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಮೈಸೂರು ಸೀಮೆಗೂ ಕೊಂಗುನಾಡಿಗೂ ನಡುವೆ ಹಾದಿ ಹಾದು ಹೋಗೋದು ಈ ಬೆಟ್ಟಗಳ ಕಣಿವೆಯಲ್ಲೇ. ನಮ್ಮ ಮೂರು ತಾಲ್ಲೂಕು ಆ ಹಾದಿಯ ಬಾಯಲ್ಲಿ ಕೂತಿವೆ.

ಗಡಿಯ ಈ ಆಟದಿಂದ ಒಂದು ನಷ್ಟವೂ ಆಯಿತು. ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದಾಗ ಅವರ ಕ್ಷೇತ್ರ ಮೈಸೂರು ಸಂಸ್ಥಾನ ಮತ್ತು ಕೊಡಗು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿನ ಲೆಕ್ಕಕ್ಕೆ ಬಂತು. ಪಕ್ಕದ ಕೊಳ್ಳೇಗಾಲ ಮದರಾಸಿನ ಲೆಕ್ಕಕ್ಕೆ ಹೋಯಿತು. ಹನೂರು ಆಗ ಕೊಳ್ಳೇಗಾಲದ ಭಾಗ, ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ. ಸುವರ್ಣಾವತಿ ಹೊಳೆ ಯಳಂದೂರಿನಲ್ಲಿ ಹರಿದು ಕೊಳ್ಳೇಗಾಲದ ಕಡೆಗೆ ಬರುತ್ತೆ. ಹೊಳೆ ಒಂದೇ, ದಾಖಲೆ ಮಾತ್ರ ಎರಡು ಕಚೇರಿಯಲ್ಲಿ. ಒಂದು ಸೀಮೆಯ ಚರಿತ್ರೆ ಒಟ್ಟಾಗಿ ಕಾಣದೇ ಹೋಗೋದು ಹೀಗೆ.

ಆದರೆ ಜನ ಮರೆತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಪವಿತ್ರ ತಾಣಗಳನ್ನು ಎಣಿಸುವಾಗ ದೇವರು, ಮಾರಮ್ಮ, ವೀರು, ಅಬ್ಬಿಯ ಜೊತೆ ಕಲ್ಲುಗುಡಿಯನ್ನೂ ಸೇರಿಸ್ತಾರೆ. ಹಿರೀಕರನ್ನು ಕಲ್ಲಿನಲ್ಲಿ ನೆನೆಯುವ ಪದ್ಧತಿ ಅದು. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗ್ತಾರೆ. ಒಂದು ನಾಡಿನ ಮಹಾಕಥೆಯಲ್ಲಿ ಕಬ್ಬಿಣ ಕೇಳೋದೇ ದೊಡ್ಡ ಪ್ರಸಂಗ ಆಗಿದ್ದರೆ, ಕುಲುಮೆ ಆ ನಾಡಿನ ಬದುಕಿನ ನಡುವೆ ಇತ್ತು ಅಂತ ತಾನೇ ಅರ್ಥ? ಇದನ್ನು 3,000 ವರ್ಷದ ಹಿಂದಕ್ಕೆ ಎಳೆದು ಕಟ್ಟೋದು ಬೇಡ. ನೆಲ ಏನು ಹೇಳುತ್ತೆ ಅಂತ ಕೇಳೋಣ ಅಂತಿದ್ದೀನಿ, ಅಷ್ಟೇ.

ಯಾಕಂದ್ರೆ ಮಡಕೆಗೆ ಸುಳ್ಳು ಹೊರಿಸೋದು ಸುಲಭ. ಅಕ್ಷರ ಇಲ್ಲದ ಚೂರು ತನ್ನನ್ನು ಮಾಡಿದವರ ಭಾಷೆ ಯಾವುದು ಅಂತ ಹೇಳಲ್ಲ. ಜಾತಿ ಹೇಳಲ್ಲ, ಪಕ್ಷವಂತೂ ಹೇಳಲ್ಲ. ಕಪ್ಪು ಕೆಂಪು ಮಡಕೆ ಗುಜರಾತಿನಿಂದ ತಮಿಳುನಾಡಿನ ತನಕ ಬೇರೆ ಬೇರೆ ಕಾಲದಲ್ಲಿ ಸಿಗುತ್ತೆ. ಅದನ್ನು ತೋರಿಸಿ "ನಾವೇ ಮೊದಲು" ಅಂತ ಸ್ಟುಡಿಯೋದಲ್ಲಿ ಕೂಗಾಡೋದು ಚರ್ಚೆ ಆಗಬಹುದು, ಚರಿತ್ರೆ ಆಗಲ್ಲ.

ಆದರೆ ಪಕ್ಕದ ರಾಜ್ಯದಿಂದ ಒಂದು ವಿಷಯ ಕಲೀಲೇಬೇಕು. ಮಧುರೈ ಹತ್ತಿರದ ಕೀಳಡಿಯಲ್ಲಿ 2014-15ರಲ್ಲಿ ಕೇಂದ್ರ ಪುರಾತತ್ವ ಇಲಾಖೆ ಅಗೆತ ಶುರು ಮಾಡಿತು. ಮುಂದೆ ತಮಿಳುನಾಡು ಸರ್ಕಾರ ತಾನೇ ಮುಂದುವರಿಸಿತು. 2023ರಲ್ಲಿ ಅಲ್ಲೇ ಮ್ಯೂಸಿಯಂ ತೆರೆಯಿತು. ಹೆಸರು ಗೀರಿದ ಬೋಕಿ ಚೂರು ನೋಡೋಕೆ ಶಾಲಾಮಕ್ಕಳು ಬಸ್ಸು ಮಾಡಿಕೊಂಡು ಹೋಗ್ತಾರೆ. ಅಲ್ಲಿನ ವಾದಗಳನ್ನು ಒಪ್ಪಿ, ಬಿಡಿ. ಚೂರು ಕೂಡ ಒಂದು ಸುದ್ದಿ ಅಂತ ಆ ಜನಕ್ಕೆ ಗೊತ್ತಾಗಿದೆ.

ನಮ್ಮಲ್ಲಿ? ಹೊಲ ಮಟ್ಟ ಮಾಡೋಕೆ ಜೆಸಿಬಿ, ಕೆರೆ ಹೂಳೆತ್ತೋಕೆ ಜೆಸಿಬಿ, ಕರಿಕಲ್ಲು ತೆಗೆಯೋಕೆ ಹಿಟಾಚಿ. ಇದೆಲ್ಲ ನಿಲ್ಲಿಸಿ ಅಂತ ನಾನು ಹೇಳಲ್ಲ. ಕೆರೆ ಹೂಳು ತೆಗೀಲೇಬೇಕು, ರೈತ ಹೊಲ ಹಸನು ಮಾಡ್ಲೇಬೇಕು. ಆದರೆ ಹಳೇ ಹಾಳೂರಿನ ದಿಬ್ಬವನ್ನು ಒಂದು ಜೆಸಿಬಿ ಅರ್ಧ ದಿನದಲ್ಲಿ ತಿರುವಿ ಹಾಕಿದರೆ ಮೂರು ಸಾವಿರ ವರ್ಷದ ಕ್ಯಾಲೆಂಡರಿನ ಹಾಳೆಗಳನ್ನೆಲ್ಲ ಕಿತ್ತು ಕಲೆಸಿದ ಹಾಗೆ. ಹಾಳೆಗಳು ಇರುತ್ತವೆ, ಯಾವುದು ಯಾವ ತಿಂಗಳದ್ದು ಅಂತ ಹೇಳೋಕೆ ಬ್ರಹ್ಮನಿಗೂ ಆಗಲ್ಲ.

ಹಾಗಾಗಿ ಮೂರು ಕೆಲಸ. ಮೊದಲನೆಯದು ಸರ್ಕಾರಕ್ಕೆ: ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಇರೋದು ಮೈಸೂರಿನಲ್ಲೇ, ದೂರ ಏನಲ್ಲ. ಈ ಮೂರು ತಾಲ್ಲೂಕನ್ನು ಒಂದೇ ಘಟಕ ಅಂತ ಇಟ್ಟುಕೊಂಡು ಊರೂರು ಸರ್ವೆ ಮಾಡಿ, ಹಾಳೂರಿನ ದಿಬ್ಬಗಳನ್ನು ಪಂಚಾಯಿತಿಯ ನಕ್ಷೆಯಲ್ಲಿ ಗುರುತಿಸಲಿ. ಎರಡನೆಯದು ರೈತರಿಗೆ: ಒಂದೇ ಕಡೆ ರಾಶಿ ಚೂರು, ಬೂದಿ ಮಣ್ಣು, ಮೂಳೆ ಕಂಡರೆ ಅಗೆಯಬೇಡಿ, ಆರಿಸಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಮೊಬೈಲಲ್ಲಿ ಫೋಟೋ ತೆಗೆದು, ಸರ್ವೆ ನಂಬರ್ ಬರೆದು ಇಲಾಖೆಗೆ ತಿಳಿಸಿ. ಮೂರನೆಯದು ಮೇಷ್ಟ್ರುಗಳಿಗೆ: ಮಕ್ಕಳಿಗೆ ಒಂದು ಸಲ ತೋರಿಸಿ.

ಏನು ತೋರಿಸೋದು ಅಂದ್ರಾ? ದೇಶದ ಎಷ್ಟೋ ಉತ್ಖನನ ವರದಿಗಳಲ್ಲಿ ಒಂದು ವಸ್ತುವಿನ ಹೆಸರು ತಪ್ಪದೆ ಬರುತ್ತೆ. ಒಡೆದ ಮಡಕೆಯ ಚೂರಿನ ಅಂಚನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿದ ಬಿಲ್ಲೆ. ಮಕ್ಕಳ ಆಟದ ಸಾಮಾನು ಅಂತ ಪುರಾತತ್ವದವರು ಬರೀತಾರೆ. ಕುಂಟೆಬಿಲ್ಲೆ ಆಡೋಕೆ ಕೊಳ್ಳೇಗಾಲದ ಹುಡುಗಿಯರು ಬಳಸಿದ್ದೂ ಅದನ್ನೇ. ಎರಡನ್ನೂ ಪಕ್ಕದಲ್ಲಿಟ್ಟರೆ ಯಾವುದು ಇವತ್ತಿನದು, ಯಾವುದು ಎರಡು ಸಾವಿರ ವರ್ಷದ್ದು ಅಂತ ಮಗು ಕೇಳುತ್ತೆ. ಆಗ ಮೇಷ್ಟ್ರು ವಾಪಸ್ ಕೇಳಬೇಕಾದ ಪ್ರಶ್ನೆ ಒಂದೇ: "ಇದು ಎಲ್ಲಿ ಬಿದ್ದಿತ್ತು?"